ರಿಜೆಯ ಕೆಂಪು ಚಹಾ: ಕಾಫಿ ಕಳೆದುಕೊಂಡ ದೇಶ, ಎಲೆ ಕೊಯ್ಯುವ ಗಡಿ ಜಿಲ್ಲೆ

1938ರಲ್ಲಿ ತುರ್ಕಿಯ ಈಶಾನ್ಯ ಮೂಲೆಯ ರಿಜೆ ಎಂಬಲ್ಲಿ 135 ಕಿಲೋ ಹಸಿ ಎಲೆ ಕೊಯ್ದು 30 ಕಿಲೋ ಚಹಾಪುಡಿ ಮಾಡಿದರು. ಒಂದು ಅಕ್ಕಿ ಮೂಟೆಗಿಂತ ಕಡಿಮೆ. ಆ ದೇಶದ ಚಹಾ ಕೃಷಿಯ ಮೊದಲ ಲೆಕ್ಕ ಅದು. ಇವತ್ತು ತಲೆವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುವವರು ತುರ್ಕಿಯವರು. ಒಬ್ಬೊಬ್ಬರಿಗೂ ವರ್ಷಕ್ಕೆ ಮೂರು ಕಿಲೋಗಿಂತ ಹೆಚ್ಚು ಪುಡಿ ಬೇಕು. ಮೂರು ಹೊತ್ತೂ ಚಹಾ ಚಹಾ ಎನ್ನುವ ನಾವು ಭಾರತೀಯರು ತಲಾ ಒಂದು ಕಿಲೋ ಕೂಡ ಮುಟ್ಟುವುದಿಲ್ಲ.

ಚಹಾ ಎಂದರೆ ನಮ್ಮ ತಲೆಗೆ ಬರುವುದು ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ. ಹೆಚ್ಚೆಂದರೆ ಸಿಲೋನ್. ನಮ್ಮ ರಾಜ್ಯದಲ್ಲೇ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಹಾ ತೋಟವಿದೆ ಎಂದರೆ ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಹಾಗಿರುವಾಗ ಕಪ್ಪು ಸಮುದ್ರದ ದಂಡೆಯಲ್ಲಿ, ಚಳಿಗಾಲದಲ್ಲಿ ಗಿಡದ ಮೇಲೆ ಹಿಮ ಬೀಳುವ ಊರಲ್ಲಿ ಚಹಾ ಬೆಳೆಯುತ್ತದೆ ಎಂದರೆ ಯಾರು ನಂಬುತ್ತಾರೆ? ನಮ್ಮ ಬಳಗದ ಒಬ್ಬರ ಅಣ್ಣ ಇಸ್ತಾಂಬುಲ್ ಮೇಲಿಂದ ಊರಿಗೆ ಬರುವಾಗ ಅಲ್ಲಿನ ಪುಡಿಯ ಒಂದು ಪೊಟ್ಟಣ ತಂದರು. ಕಾಫಿ ಬೆಲೆ, ಅಡಿಕೆ ಕೊಳೆರೋಗ ಅಂತ ವರದಿ ಬರೆದುಕೊಂಡಿದ್ದ ನಾವು ಇದರ ಹಿಂದೆ ಬಿದ್ದದ್ದು ಆ ಪೊಟ್ಟಣದಿಂದ.

ಮೊದಲು ರುಚಿಯ ಮಾತು. ನಮ್ಮ ಸಿಟಿಸಿ ಪುಡಿಯ ಹಾಗೆ ಕಾಳುಕಾಳಾಗಿಲ್ಲ. ಹೊಸೆದು ಒಣಗಿಸಿದ ಎಲೆಯ ಚೂರು, ನಡುವೆ ಅಲ್ಲಲ್ಲಿ ಕಡ್ಡಿ. ನಾವು ಮಾಡುವಂತೆ ಎರಡು ನಿಮಿಷ ಕುದಿಸಿ ಸೋಸಿದರೆ ಏನೂ ಇಲ್ಲ, ಬಣ್ಣದ ನೀರು. ಅಲ್ಲಿನ ಕ್ರಮವೇ ಬೇರೆ. ಒಂದರ ಮೇಲೊಂದು ಕೂರುವ ಜೋಡಿ ಪಾತ್ರೆ, ಹೆಸರು ಚಾಯ್‌ದಾನ್‌ಲಿಕ್. ಕೆಳಗಿನದರಲ್ಲಿ ನೀರು ಕುದಿಯುತ್ತಿರುತ್ತದೆ. ಮೇಲಿನದರಲ್ಲಿ ಪುಡಿ ಹಾಕಿ, ಬಿಸಿನೀರು ಸುರಿದು, ಕೆಳಗಿನ ಹಬೆಯಲ್ಲೇ ಕಾಲು ಗಂಟೆ ಬಿಡಬೇಕು. ಆಗ ಇಳಿಯುವ ಗಟ್ಟಿ ರಸಕ್ಕೆ ಅವರು ದೆಮ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ವಿವರಣೆ ಬೇಡ: ಡಿಕಾಕ್ಷನ್. ಲೋಟಕ್ಕೆ ಒಂದಿಷ್ಟು ಡಿಕಾಕ್ಷನ್, ಮೇಲೆ ಬಿಸಿನೀರು. ಹಾಲಿಲ್ಲ.

ನಮ್ಮಲ್ಲಿ ಜೋಡಿ ಪಾತ್ರೆ ಇರಲಿಲ್ಲ. ಇಡ್ಲಿ ಬೇಯಿಸುವ ಪಾತ್ರೆಯ ಬಾಯಿಗೆ ಸ್ಟೀಲ್ ಚೆಂಬು ಕೂರಿಸಿ ಮಾಡಿದೆವು. ಬಣ್ಣ ಪುನರ್ಪುಳಿ ಶರಬತ್ತಿನದು. ತುರ್ಕಿಯವರು ಇದಕ್ಕೆ ಮೊಲದ ರಕ್ತ ಎಂಬ ಹೆಸರಿಟ್ಟಿದ್ದಾರೆ, ಒಳ್ಳೆಯ ಚಹಾ ಎಂದರೆ ಆ ಕೆಂಪು ಬರಬೇಕು. ವಾಸನೆ ಅಷ್ಟಕ್ಕಷ್ಟೆ. ಡಾರ್ಜಿಲಿಂಗಿನ ಹೂವಿನ ಘಮ ಹುಡುಕುವವರು ಇದರ ತಂಟೆಗೆ ಹೋಗಬಾರದು. ಮೂಗಿಗೆ ಬಿಸಿಲಿಗೆ ಒಣಗಿದ ಹುಲ್ಲು, ಸ್ವಲ್ಪ ಮರದ ಹೊಟ್ಟು. ಬಾಯಿಗೆ ಮಾತ್ರ ಗಟ್ಟಿ. ನಾಲಿಗೆಯ ಎರಡೂ ಬದಿ ಹಿಡಿದುಕೊಳ್ಳುವ ಒಗರು, ಎಳೆ ಅಡಿಕೆ ಜಗಿದಾಗಿನ ಒಗರಿನ ದಾಯಾದಿ. ಆದರೆ ಕಾಲು ಗಂಟೆ ಹಬೆಯಲ್ಲಿ ಕೂತರೂ ಕಹಿ ಏರಲಿಲ್ಲ. ನಮ್ಮ ಅಂಗಡಿ ಪುಡಿಯನ್ನು ಹೀಗೆ ಕೂರಿಸಿದ್ದರೆ ಕಷಾಯ ಆಗುತ್ತಿತ್ತು. ಎರಡನೇ ಲೋಟಕ್ಕೆ ಸಕ್ಕರೆ ಹಾಕಿಕೊಂಡೆವು, ಆಗ ಒಗರು ತಗ್ಗಿ ಹಿಂದಿನಿಂದ ಒಂದು ತಿಳಿಸಿಹಿ ಬಂತು. ಎರ್ಜುರುಮ್ ಕಡೆಯವರು ಸಕ್ಕರೆಗಟ್ಟಿಯನ್ನು ಬಾಯಲ್ಲಿಟ್ಟುಕೊಂಡು ಅದರ ಮೇಲೆ ಚಹಾ ಹೀರುತ್ತಾರೆ. ನಮ್ಮ ಕಡೆ ಹಳಬರು ಬೆಲ್ಲ ಕಚ್ಚಿ ನೀರು ಕುಡಿದ ಹಾಗೆ.

ಈ ಗಟ್ಟಿತನ, ಈ ಕಾಲು ಗಂಟೆ ಎಲ್ಲಿಂದ ಬಂತು? ಮಣ್ಣಿನಿಂದ, ಹವೆಯಿಂದ ಅಂತ ಪೊಟ್ಟಣದ ಮೇಲೆ ಬರೆಯುವವರು ಬರೆಯುತ್ತಾರೆ. ನಮಗೆ ಕಂಡದ್ದು ಬೇರೆ. ಇದು ಸರ್ಕಾರವೊಂದು ಬಡ ಗಡಿ ಜಿಲ್ಲೆಗೆ ಕೊಟ್ಟ ಮಾತಿನ ರುಚಿ.

ತುರ್ಕಿಯವರು ಹುಟ್ಟಾ ಚಹಾದವರಲ್ಲ, ಕಾಫಿಯವರು. ಹದಿನಾರನೇ ಶತಮಾನದ ನಡುವಿನಲ್ಲೇ ಇಸ್ತಾಂಬುಲ್‌ನಲ್ಲಿ ಕಾಫಿ ಮನೆಗಳು ತೆರೆದಿದ್ದವು. ಕಾಫಿ ಬರುತ್ತಿದ್ದದ್ದು ಯೆಮೆನ್‌ನಿಂದ. ಬಾಬಾಬುಡನ್ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಎಂಬ ಕತೆಯಲ್ಲಿ ಬರುವ ಮೋಕಾ ಬಂದರು ಇರುವುದೂ ಅದೇ ಯೆಮೆನ್‌ನಲ್ಲಿ. ಒಟ್ಟೊಮನ್ ಸಾಮ್ರಾಜ್ಯ ಮೊದಲ ಮಹಾಯುದ್ಧದಲ್ಲಿ ಸೋತು ಚೂರಾದಾಗ ಯೆಮೆನ್ ಕೈಬಿಟ್ಟಿತು. ಕಾಫಿ ಮನೆಯ ಮಾಲು ಹೋಗಿ ಪರದೇಶದ ಮಾಲಾಯಿತು. 1923ರಲ್ಲಿ ಹುಟ್ಟಿದ ಹೊಸ ಗಣರಾಜ್ಯದ ಖಜಾನೆಯಲ್ಲಿ ಅದನ್ನು ಕೊಳ್ಳುವ ಹಣವಿರಲಿಲ್ಲ. ಚಹಾ, ಸಕ್ಕರೆ, ಕಾಫಿ ಎಲ್ಲವೂ ಹೊರಗಿನಿಂದಲೇ ಬರಬೇಕು. ಇವುಗಳಲ್ಲಿ ಯಾವುದನ್ನು ನಾವೇ ಬೆಳೆಯಬಹುದು ಎಂಬ ಪ್ರಶ್ನೆ ಎದ್ದದ್ದು ಸಹಜ.

ಅದಕ್ಕೂ ಮೊದಲು ಪ್ರಯತ್ನ ನಡೆದಿರಲಿಲ್ಲ ಎಂದಲ್ಲ. 1888ರಲ್ಲಿ, ಸುಲ್ತಾನ್ ಅಬ್ದುಲ್ ಹಮೀದನ ಕಾಲದಲ್ಲಿ, ಜಪಾನಿನಿಂದ ಬೀಜ ತರಿಸಿ ಬುರ್ಸಾದಲ್ಲಿ ಹಾಕಿಸಿದರು. ಬುರ್ಸಾದ ಹವೆಗೆ ಗಿಡ ನಿಲ್ಲಲಿಲ್ಲ. ಚಹಾಕ್ಕೆ ಬೇಕಾದ ಮಳೆ ಆ ದೇಶದಲ್ಲಿ ಸುರಿಯುವುದು ಒಂದೇ ಮೂಲೆಯಲ್ಲಿ. ಕಪ್ಪು ಸಮುದ್ರದ ತೇವ ಹೊತ್ತ ಗಾಳಿ ಕಚ್ಕಾರ್ ಬೆಟ್ಟಸಾಲಿಗೆ ಬಡಿದು ರಿಜೆಯ ಮೇಲೆ ಮಳೆಯಾಗುತ್ತದೆ. ವರ್ಷಕ್ಕೆ 2,200 ಮಿಲಿಮೀಟರ್ ದಾಟುತ್ತದೆ, ಅದೂ ನಮ್ಮ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಲ್ಲ, ಹನ್ನೆರಡು ತಿಂಗಳೂ ಹಂಚಿಕೊಂಡು. ಪಶ್ಚಿಮ ಘಟ್ಟ ಅರಬ್ಬೀ ಸಮುದ್ರದ ಗಾಳಿಗೆ ಅಡ್ಡ ನಿಂತಂತೆಯೇ ಇದೂ.

ಆದರೆ ರಿಜೆಗೆ ಚಹಾ ಗಿಡದ ಸುದ್ದಿ ಬಂದದ್ದು ಬೆಟ್ಟದಿಂದಲ್ಲ, ಗಡಿಯಾಚೆಯಿಂದ. ಪೂರ್ವಕ್ಕೆ ನೂರು ಕಿಲೋಮೀಟರಿಗಿಂತ ಚೂರು ಹೆಚ್ಚು ಹೋದರೆ ಬಾತುಮಿ ಬಂದರು. 1878ರಿಂದ ಅದು ರಷ್ಯಾದ ಕೈಯಲ್ಲಿತ್ತು. ಬಾತುಮಿ ಪಕ್ಕದ ಚಾಕ್ವಾದಲ್ಲಿ ರಷ್ಯಾದ ಚಹಾ ವ್ಯಾಪಾರಿ ಕಾನ್‌ಸ್ತಾಂತಿನ್ ಪೊಪೋವ್ ತೋಟ ಹಾಕಿಸಿದ್ದ. 1893ರಲ್ಲಿ ಅವನು ಚೀನಾದಿಂದ ಲಿಯು ಜುನ್‌ಝೌ ಎಂಬ ಕುಶಲಿಯನ್ನು ಕೆಲಸಗಾರರ ಸಮೇತ ಕರೆಸಿದ. 1895ರಲ್ಲಿ ಹೊರಟ ರಷ್ಯಾದ ಇನ್ನೊಂದು ತಂಡ ಭಾರತ, ಸಿಲೋನ್, ಚೀನಾ, ಜಪಾನ್ ಸುತ್ತಿ ಗಿಡ, ಬೀಜ ಹೊತ್ತು ಚಾಕ್ವಾಕ್ಕೆ ಮರಳಿತು. ಬಣ್ಣದ ಛಾಯಾಚಿತ್ರದ ಆರಂಭದ ಸಾಹಸಿಗಳಲ್ಲಿ ಒಬ್ಬನಾದ ಪ್ರೊಕುದಿನ್ ಗೋರ್ಸ್ಕಿ ಈ ತೋಟದಲ್ಲಿ ತೆಗೆದ ಚಿತ್ರಗಳು ಈಗಲೂ ಸಿಗುತ್ತವೆ. ಒಂದರಲ್ಲಿ ಆ ಚೀನೀ ಕುಶಲಿ, ಇನ್ನೊಂದರಲ್ಲಿ ಎಲೆ ಕೊಯ್ಯುವ ಗ್ರೀಕ್ ಹೆಂಗಸರು. ಚೀನಾದವನ ಕೈಚಳಕ, ಗ್ರೀಕ್ ಹೆಂಗಸರ ಕೂಲಿ, ರಷ್ಯಾದ ದುಡ್ಡು, ಜಾರ್ಜಿಯಾದ ಮಣ್ಣು. ಒಂದೇ ನೆಲದ ಚಹಾ ಎಂಬ ಮಾತಿಗೆ ಈಗ ಒಳ್ಳೆಯ ಬೆಲೆ ಇದೆ. ಆ ಒಂದು ನೆಲ ಹೀಗೂ ಇರುತ್ತದೆ.

ಯುದ್ಧಕ್ಕೆ ಮೊದಲು ರಿಜೆಯ ಗಂಡಸರು ದುಡಿಮೆಗೆ ಹೋಗುತ್ತಿದ್ದದ್ದೂ ಬಾತುಮಿಗೆ, ಅಲ್ಲಿಂದ ಮುಂದೆ ರಷ್ಯಾಕ್ಕೆ. ರೊಟ್ಟಿ ಬೇಯಿಸುವ ಕಸುಬಿನಲ್ಲಿ ಅವರಿಗೆ ಹೆಸರಿತ್ತು. ಮನೆಯಲ್ಲಿ ಹೆಂಗಸರು ಇಳಿಜಾರಿನ ಸಣ್ಣ ತುಂಡುಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು. 1916ರಿಂದ 1918ರವರೆಗೆ ರಷ್ಯಾದ ಸೇನೆ ರಿಜೆಯಲ್ಲಿ ಕೂತಿತ್ತು. ಆಮೇಲೆ 1921ರ ಒಪ್ಪಂದದಲ್ಲಿ ಬಾತುಮಿ ಸೋವಿಯತ್ ಕಡೆಗೆ ಉಳಿಯಿತು, ಗಡಿ ಬಿಗಿಯಾಯಿತು. ಸಾರ್ಪ್ ಎಂಬ ಹಳ್ಳಿ ನಡುವೆಯೇ ಸೀಳಿ ಎರಡು ದೇಶಕ್ಕೆ ಹಂಚಿಹೋಯಿತು. ದುಡಿಯಲು ಹೋಗುವ ದಾರಿ ಮುಚ್ಚಿದ ಮೇಲೆ ರಿಜೆಯಲ್ಲಿ ಉಳಿದದ್ದು ಮಳೆ, ಮೆಕ್ಕೆಜೋಳ ಮತ್ತು ಹಸಿವು.

ಇಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬರು ಅಲಿ ರಿಜಾ ಎರ್ತೆನ್, ಇಸ್ತಾಂಬುಲ್‌ನ ಹಲ್ಕಾಲಿ ಕೃಷಿ ಶಾಲೆಯ ಅಧ್ಯಾಪಕ. 1917ರಲ್ಲಿ ಬಾತುಮಿಗೆ ಹೋಗಿ ತೋಟ ನೋಡಿ, ಅಲ್ಲಿ ಬೆಳೆಯುವ ಗಿಡ ರಿಜೆಯಲ್ಲೂ ಬೆಳೆಯುತ್ತದೆ ಎಂದು ವರದಿ ಬರೆದವರು. ಇನ್ನೊಬ್ಬರು ಜಿಹ್ನಿ ದೆರಿನ್. ದೇಶದ ಇನ್ನೊಂದು ತುದಿಯ ಮುಗ್ಲಾದಲ್ಲಿ 1880ರಲ್ಲಿ ಹುಟ್ಟಿದ ಕೃಷಿ ಅಧಿಕಾರಿ. ರಿಜೆಯಲ್ಲಿ ಸಸಿಮಡಿ ಮಾಡಿಸಿದರು, ವರದಿಯನ್ನು ಸಂಸತ್ತಿನವರೆಗೆ ಮುಟ್ಟಿಸಿದರು. 1924ರ ಫೆಬ್ರವರಿಯಲ್ಲಿ 407ನೇ ಕಾನೂನು ಬಂತು: ರಿಜೆ ಮತ್ತು ಬೋರ್ಚ್ಕಾದಲ್ಲಿ ಹೇಜಲ್‌ನಟ್, ಕಿತ್ತಳೆ, ಮ್ಯಾಂಡರಿನ್, ನಿಂಬೆ ಮತ್ತು ಚಹಾ ಬೆಳೆಸಲು.

ಕಾನೂನು ಬಂತು, ಸಸಿ ಹಂಚಿದರು, ಜನ ನೆಟ್ಟರು. ಮತ್ತೆ ಕೈಬಿಟ್ಟರು. ಕಾರಣ ಸರಳ. ಚಹಾ ಎಲೆ ಕೊಯ್ದ ಮೇಲೆ ಕಾಯುವ ಬೆಳೆಯಲ್ಲ. ಅಡಿಕೆ ಒಣಗಿಸಿ ಮನೆಯ ಅಟ್ಟದಲ್ಲಿಟ್ಟು ರೇಟು ಬರುವವರೆಗೆ ಕೂರಬಹುದು, ಕಾಫಿಯನ್ನೂ ಚೆರ್ರಿ ಮಾಡಿ ಒಂದಷ್ಟು ಕಾಲ ಇಡಬಹುದು. ಚಹಾ ಎಲೆ ಅದೇ ದಿನ ಕಾರ್ಖಾನೆಗೆ ಹೋಗಬೇಕು. ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು ಕೆಂಪಾಗಿಸಿ, ಒಣಗಿಸಬೇಕು. ತಡವಾದರೆ ಮೂಟೆಯೊಳಗೇ ಬಿಸಿಯಾಗಿ ಹಾಳು. 1924ರಲ್ಲಿ ರಿಜೆಯ ರೈತನಿಗೆ ಗಿಡ ಕೊಟ್ಟರು, ಎಲೆ ಕೊಳ್ಳುವವನನ್ನು ಕೊಡಲಿಲ್ಲ. ನಮ್ಮಲ್ಲೂ ಎಷ್ಟು ಬೆಳೆ ಹೀಗೆ ಸಸಿ ಹಂಚಿಕೆಯ ಫೋಟೊದಲ್ಲೇ ಮುಗಿದಿಲ್ಲ! ಅಂಥ ಫೋಟೊ ನಾವೇ ತೆಗೆದು ಕಳಿಸಿದ್ದೇವೆ.

ಹನ್ನೆರಡು ವರ್ಷ ದಾಟಿದ ಮೇಲೆ ಜಿಹ್ನಿ ದೆರಿನ್ ಅವರನ್ನೇ ಮತ್ತೆ ಚಹಾ ಕೆಲಸಕ್ಕೆ ಕರೆದರು. 1937ರಲ್ಲಿ ಬಾತುಮಿಯಿಂದ 20 ಟನ್ ಬೀಜ ಬಂತು, 1939ರಲ್ಲಿ 30 ಟನ್, 1940ರಲ್ಲಿ 40 ಟನ್. ಚಹಾ ಬೀಜ ಬೇಗ ಮೊಳಕೆಶಕ್ತಿ ಕಳೆದುಕೊಳ್ಳುತ್ತದೆ, ದೂರದ ಪ್ರಯಾಣಕ್ಕೆ ಆಗಿಬರುವುದಿಲ್ಲ. ಬಾತುಮಿ ಪಕ್ಕದಲ್ಲೇ ಇದ್ದದ್ದು ರಿಜೆಯ ಪುಣ್ಯ. ಆದರೆ ನಮ್ಮ ಲೆಕ್ಕದಲ್ಲಿ ಈ ಕತೆಯ ತಿರುವು ಬೀಜದಲ್ಲಿಲ್ಲ, 1940ರ 3788ನೇ ಕಾನೂನಿನಲ್ಲಿದೆ. ತೋಟ ಹಾಕುವವರಿಗೆ ಪರವಾನಗಿ, ಬಡ್ಡಿಯಿಲ್ಲದ ಸಾಲ, ಎಲ್ಲಕ್ಕಿಂತ ಮೇಲಾಗಿ ಎಲೆಯನ್ನು ಸರ್ಕಾರವೇ ಕೊಳ್ಳುತ್ತದೆ ಎಂಬ ಮಾತು. 1947ರಲ್ಲಿ ರಿಜೆಯಲ್ಲಿ ದಿನಕ್ಕೆ 60 ಟನ್ ಎಲೆ ಹಿಡಿಯುವ ಮೊದಲ ಕಾರ್ಖಾನೆ ನಿಂತಿತು. ಆಮೇಲೆ ತಡೆಯುವವರಿರಲಿಲ್ಲ. ಮೆಕ್ಕೆಜೋಳದ ತುಂಡುಗಳು, ಮನೆಯ ಹಿತ್ತಲು, ಕಾಡಿನ ಅಂಚು ಎಲ್ಲ ಚಹಾ ಆಯಿತು. 1960ರ ದಶಕದ ನಡುವಿನ ಹೊತ್ತಿಗೆ ದೇಶಕ್ಕೆ ಬೇಕಾದಷ್ಟು ಚಹಾ ಆ ಕರಾವಳಿಯಲ್ಲೇ ಬೆಳೆಯುತ್ತಿತ್ತು. 1950ರ ದಶಕದಲ್ಲಿ ಕಾಫಿಗೆ ಬರ ಬಂದು ಜನ ಪರದಾಡಿದ್ದರು. ಕಾಫಿ ಬಿಟ್ಟ ಜಾಗದಲ್ಲಿ ಚಹಾ ಕೂತಿತು.

ಈಗಲೂ ಅಲ್ಲಿ ದೊಡ್ಡ ಎಸ್ಟೇಟುಗಳಿಲ್ಲ. ದೊರೆಯ ಬಂಗಲೆ, ಕೂಲಿ ಲೈನುಗಳು, ರೈಟರು ಇದ್ಯಾವುದೂ ಇಲ್ಲ. ಸುಮಾರು ಎರಡು ಲಕ್ಷ ಬೆಳೆಗಾರರು, ಎಂಬತ್ತು ಸಾವಿರ ಹೆಕ್ಟೇರಿಗೆ ಸಮೀಪದ ತೋಟ. ಭಾಗಿಸಿ ನೋಡಿದರೆ ಒಬ್ಬರಿಗೆ ಒಂದು ಎಕರೆಯ ಆಸುಪಾಸು. ಅಸ್ಸಾಂ, ನೀಲಗಿರಿಗಳ ಚಹಾ ಚರಿತ್ರೆ ಕಂಪನಿಯ ಚರಿತ್ರೆ. ರಿಜೆಯದು ಹಿತ್ತಲಿನ ಚರಿತ್ರೆ. ಈ ಕರಾವಳಿಯಲ್ಲಿ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ರಿಸ್ ಹಾನ್ 1990ರಲ್ಲಿ ತಂದ ಪುಸ್ತಕದ ವಸ್ತುವೇ ಇದು: ಸರ್ಕಾರ ಎಂಬುದು ಚಹಾದ ದಾರಿಯಲ್ಲಿ ಜನರ ಮನೆಯೊಳಗೆ ಬಂದ ಬಗೆ. 1971ರ ಕಾನೂನಿನಿಂದ ಹುಟ್ಟಿ 1973ರಲ್ಲಿ ಕೆಲಸ ಶುರುಮಾಡಿದ ಸರ್ಕಾರಿ ಸಂಸ್ಥೆ ಚಾಯ್ಕುರ್ ಎಲೆ ಕೊಳ್ಳುವವನೂ ಹೌದು, ಪುಡಿ ಮಾರುವವನೂ ಹೌದು. 1984ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯುವವರೆಗೆ ಬೇರೆ ಕೊಳ್ಳುವವರೇ ಇರಲಿಲ್ಲ.

ರುಚಿಯ ಗುಟ್ಟಿಗೆ ಈಗ ಬರೋಣ. ತೂಕಕ್ಕೆ ದುಡ್ಡು, ಎಷ್ಟು ತಂದರೂ ಕೊಳ್ಳುವವರಿದ್ದಾರೆ ಎಂದಾಗ ರೈತ ಏನು ಮಾಡುತ್ತಾನೆ? ಎರಡು ಎಲೆ ಒಂದು ಮೊಗ್ಗು ಎಂದು ಉಗುರಿನಲ್ಲಿ ಚಿವುಟುತ್ತಾ ಕೂರುವುದಿಲ್ಲ. ಅಲ್ಲಿ ಚೀಲ ಹೊಲಿದ ದೊಡ್ಡ ಕತ್ತರಿಯಿಂದ ಗಿಡದ ತಲೆ ಸವರುತ್ತಾರೆ. ಎಲೆಯೊಂದಿಗೆ ಬಲಿತ ಎಲೆ, ಕಡ್ಡಿ ಎಲ್ಲ ಚೀಲಕ್ಕೆ. ಬಲಿತ ಎಲೆಯಿಂದ ರಸ ಬೇಗ ಇಳಿಯುವುದಿಲ್ಲ. ಅದಕ್ಕೇ ಕಾಲು ಗಂಟೆಯ ಹಬೆ, ಅದಕ್ಕೇ ಜೋಡಿ ಪಾತ್ರೆ. ಪುಡಿಗೆ ತಕ್ಕ ಪಾತ್ರೆ, ಪಾತ್ರೆಗೆ ತಕ್ಕ ಪುರುಸೊತ್ತು. ಬಲ್ಲವರು ಇದನ್ನು ಒರಟು ಕೊಯ್ಲು ಎಂದು ಮೂಗು ಮುರಿಯುತ್ತಾರೆ, ಹೊರದೇಶದಲ್ಲಿ ಇದಕ್ಕೆ ದೊಡ್ಡ ಬೆಲೆಯೂ ಇಲ್ಲ. ಹೊರಗಿನ ಚಹಾ ಒಳಗೆ ಬಾರದಂತೆ 145 ಶೇಕಡಾ ಆಮದು ಸುಂಕ ಕಾವಲಿದೆ. ಆದರೂ ಅದೇ ದೇಶದ ಆಗ್ನೇಯ ಜಿಲ್ಲೆಗಳ ಜನ ಕಳ್ಳದಾರಿಯಲ್ಲಿ ಬರುವ ಸಿಲೋನ್ ಚಹಾವನ್ನೇ ಮೆಚ್ಚಿ ಕುಡಿಯುತ್ತಾರೆ. ಅಲ್ಲಿ ಅದರ ಹೆಸರೇ ಕಳ್ಳ ಚಹಾ! ನಾಲಿಗೆಗೆ ದೇಶಭಕ್ತಿ ಕಲಿಸುವುದು ಕಷ್ಟ.

ಚಳಿಗಾಲದ ಹಿಮ ಹುಳಹುಪ್ಪಟೆ ಕೊಲ್ಲುತ್ತದೆ, ಹಾಗಾಗಿ ಔಷಧ ಹೊಡೆಯುವುದಿಲ್ಲ ಎಂಬುದು ಅಲ್ಲಿನವರ ಹೆಮ್ಮೆ. ಗೊಬ್ಬರದ ವಿಷಯದಲ್ಲಿ ಅಷ್ಟು ಹೆಮ್ಮೆ ಪಡುವಂತಿಲ್ಲ. ದಶಕಗಟ್ಟಲೆ ಸಾರಜನಕ ಸುರಿದು ಮಣ್ಣು ಹುಳಿಯಾಗಿದೆ. ಕಡಿದಾದ ಇಳಿಜಾರಿನಲ್ಲಿ ಮರ ತೆಗೆದು ಒಂದೇ ಬೆಳೆ ನೆಟ್ಟಲ್ಲಿ ಜೋರು ಮಳೆಗೆ ಗುಡ್ಡ ಜಾರುತ್ತದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವವನೂ ಮಾರುವವನೂ ಸರ್ಕಾರವೇ ಆದರೆ ಏನಾಗಬಹುದು ಎಂಬುದನ್ನು 1986 ತೋರಿಸಿತು. ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಕೆಲವೇ ದಿನಗಳಲ್ಲಿ ಆ ಮೋಡ ಕಪ್ಪು ಸಮುದ್ರ ದಾಟಿ ಇದೇ ಬೆಟ್ಟಸಾಲಿಗೆ ಬಡಿದು ಮಳೆಯಾಯಿತು. ಮೇ ತಿಂಗಳು ಎಂದರೆ ಮೊದಲ ಕೊಯ್ಲಿನ ಹೊತ್ತು, ಗಿಡದ ತುಂಬ ಎಳೆ ಎಲೆ. ಅಂಕಾರದ ಮಿಡ್ಲ್ ಈಸ್ಟ್ ಟೆಕ್ನಿಕಲ್ ಯೂನಿವರ್ಸಿಟಿಯ ರಸಾಯನಶಾಸ್ತ್ರದ ಅಧ್ಯಾಪಕರು ಪುಡಿಯನ್ನು ಅಳೆದು ವಿಕಿರಣ ಹೆಚ್ಚಿದೆ ಎಂದರು. ಅವರ ಬಾಯಿ ಮುಚ್ಚಿಸುವ ಯತ್ನ ನಡೆಯಿತು. ಕೈಗಾರಿಕೆ ಮತ್ತು ವಾಣಿಜ್ಯ ಸಚಿವ ಜಾಹಿತ್ ಅರಾಲ್ ಕ್ಯಾಮೆರಾ ಮುಂದೆ ಲೋಟ ಎತ್ತಿ ಚಹಾ ಕುಡಿದು ತೋರಿಸಿದರು. ಕೊನೆಗೆ ಸುಮಾರು 58 ಸಾವಿರ ಟನ್ ಚಹಾವನ್ನು ಮಾರುಕಟ್ಟೆಯಿಂದ ಆಚೆ ಇಡಬೇಕಾಯಿತು. ಆ ಭಾಗದ ಹೋಪಾ ಊರಿನ ಹಾಡುಗಾರ ಕಾಜಿಮ್ ಕೊಯುಂಜು ಚೆರ್ನೋಬಿಲ್ ಬಗ್ಗೆ ದನಿ ಎತ್ತಿದವನು. 2005ರಲ್ಲಿ, 33ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡ. ಕಾಯಿಲೆ ಆ ಮಳೆಯಿಂದಲೇ ಬಂತು ಎಂದು ಕರಾವಳಿಯ ಜನ ನಂಬಿದರು. ಸಚಿವರು ಕುಡಿದು ತೋರಿಸಿದ ಲೋಟವನ್ನೂ ಅವರು ಮರೆಯಲಿಲ್ಲ. ವರದಿಗಾರಿಕೆ ಕಲಿಸುವ ತರಗತಿಯಲ್ಲಿ ಆ ಚಿತ್ರವನ್ನು ಗೋಡೆಗೆ ತಗುಲಿಸಬೇಕು ಅನ್ನಿಸುತ್ತದೆ ನಮಗೆ.

ಈಗಿನ ರಿಜೆಯ ಗೋಳು ನಮ್ಮ ಕಬ್ಬಿನ ಜಿಲ್ಲೆಗಳವರಿಗೆ ತಟ್ಟನೆ ಅರ್ಥವಾಗುತ್ತದೆ. ಪ್ರತಿ ವರ್ಷ ಕೊಯ್ಲಿನ ಮುಂಚೆ ಸರ್ಕಾರ ಹಸಿ ಎಲೆಗೆ ಬೆಲೆ ಹೇಳುತ್ತದೆ. ಇಷ್ಟು ಜಾಗಕ್ಕೆ ದಿನಕ್ಕೆ ಇಷ್ಟೇ ಕಿಲೋ ಎಂದು ಚಾಯ್ಕುರ್ ಮಿತಿ ಹಾಕುತ್ತದೆ. ಎಲೆ ಒಟ್ಟಿಗೇ ಬರುವ ವಾರಗಳಲ್ಲಿ ಮಿತಿ ಮೀರಿದ್ದನ್ನು ಖಾಸಗಿ ಕಾರ್ಖಾನೆಗೆ ಒಯ್ಯಬೇಕು, ಅವರು ಹೇಳಿದ ಬೆಲೆಗೆ, ಅವರು ಹೇಳಿದ ದಿನದ ಹಣಕ್ಕೆ. ಸರ್ಕಾರ ಹೇಳಿದ ಬೆಲೆ ಕಾಗದದ ಮೇಲಿರುತ್ತದೆ. ಎಲೆ ಕಾಯುವುದಿಲ್ಲ ಎಂಬುದು ರೈತನಿಗೂ ಗೊತ್ತು, ಕಾರ್ಖಾನೆಗೂ ಗೊತ್ತು.

ಕೊಯ್ಯುವ ಕೈಯೂ ಬದಲಾಗಿದೆ. ಬಹುಕಾಲ ಅದು ಹೆಂಗಸರ ಕೆಲಸವಾಗಿತ್ತು. ಬೆನ್ನಿಗೆ ಬುಟ್ಟಿ ಕಟ್ಟಿ ಇಳಿಜಾರು ಹತ್ತುವುದು, ಇಳಿಯುವುದು. ಈಚೆಗೆ ಮೂಟೆಗಳನ್ನು ತಂತಿಗೆ ನೇತುಹಾಕಿ ಕಣಿವೆಗೆ ಇಳಿಸುತ್ತಾರೆ. ಚಹಾದ ದುಡ್ಡಿನಲ್ಲಿ ಓದಿದ ಮಕ್ಕಳು ಇಸ್ತಾಂಬುಲ್ ಸೇರಿದರು. ಹಳ್ಳಿಯಲ್ಲಿ ಮುದುಕರು ಉಳಿದರು.

ಗಡಿಯಾಚೆ ಆದದ್ದು ಇನ್ನೂ ದೊಡ್ಡದು. ಸೋವಿಯತ್ ಒಕ್ಕೂಟಕ್ಕೆ ಬೇಕಾದ ಚಹಾದ ದೊಡ್ಡ ಪಾಲನ್ನು ಬೆಳೆಯುತ್ತಿದ್ದ ಜಾರ್ಜಿಯಾ 1991ರಲ್ಲಿ ಒಕ್ಕೂಟ ಮುಳುಗಿದಾಗ ಕೊಳ್ಳುವವನನ್ನು ಕಳೆದುಕೊಂಡಿತು. ಕಾರ್ಖಾನೆಗಳ ಯಂತ್ರ ಗುಜರಿಗೆ ಹೋದವು, ತೋಟಗಳ ಮೇಲೆ ಜರಿಗಿಡ, ಮುಳ್ಳು ಹಬ್ಬಿತು. ಅದೇ ಮಣ್ಣು, ಅದೇ ಮಳೆ, ಅದೇ ಬೀಜದ ಗಿಡ. ಮುಚ್ಚಿದ್ದ ಸಾರ್ಪ್ ಗಡಿ 1988ರಲ್ಲಿ ತೆರೆದಿತ್ತು. 1937ರಲ್ಲಿ ಬೀಜ ಬಂದ ದಿಕ್ಕಿನಿಂದ ಈಗ ಕೊಯ್ಲುಗಾರರು ಬರತೊಡಗಿದರು. ಮೇ ತಿಂಗಳಲ್ಲಿ ಜಾರ್ಜಿಯಾದ ಗಂಡಸರು, ಹೆಂಗಸರು ಗಡಿ ದಾಟಿ ರಿಜೆಯ ಮುದುಕರ ತೋಟದಲ್ಲಿ ಕೂಲಿಗೋ ಪಾಲಿಗೋ ಕತ್ತರಿ ಹಿಡಿಯುತ್ತಾರೆ. ಅಕ್ಟೋಬರ್ ತನಕ ಮೂರು ಕೊಯ್ಲು.

2020ರಲ್ಲಿ ಕೊರೊನಾ ಬಂದು ಸಾರ್ಪ್ ಮತ್ತೆ ಮುಚ್ಚಿತು, ಸರಿಯಾಗಿ ಮೊದಲ ಕೊಯ್ಲಿನ ಮುಂಚೆ. ಜಾರ್ಜಿಯಾದವರು ಬರುವಂತಿಲ್ಲ. ಊರಿಂದೂರಿಗೆ ಹೋಗಲೂ ನಿರ್ಬಂಧ. ಎಲೆ ಮಾತ್ರ ಚಿಗುರಿ ಕೂತಿತ್ತು. ಕೊನೆಗೆ ಸರ್ಕಾರ ಶಹರಗಳಲ್ಲಿದ್ದ ತೋಟದವರಿಗೆ ವಿಶೇಷ ಅನುಮತಿ ಚೀಟಿ ಕೊಟ್ಟು ರಿಜೆಗೆ ಬಿಟ್ಟಿತು. ಇಸ್ತಾಂಬುಲ್‌ನ ಆಫೀಸು, ಅಂಗಡಿಗಳಲ್ಲಿದ್ದವರು ಅಪ್ಪ ಅಮ್ಮನ ಇಳಿಜಾರಿಗೆ ಮರಳಿ ಚೀಲದ ಕತ್ತರಿ ಹಿಡಿದರು.